ಸಾಹೇಬರ ಶನಿವಾರದ ಪೈ

ಹನ್ನೆರಡನೆಯ ಪೈಗೂ ಕಲಾವತಿ ಒಂದು ಚಮಚ ಮೆಣಸಿನಪುಡಿ ತುಂಬಿದಳು. ಭಿವಾಪುರದ ಮೆಣಸಿನಕಾಯಿ ಅದು. ಕುಟ್ಟುವಾಗಲೇ ಸುತ್ತಲಿನ ಮೂರು ಮನೆಯವರು ಸೀನಿದ್ದರು. ಬೇಯಿಸಿಟ್ಟ ಕಿತ್ತಳೆ ತಿರುಳಿನ ಕೆಂಪಿನಲ್ಲಿ ಪುಡಿಯ ಕೆಂಪು ಸದ್ದಿಲ್ಲದೆ ಸೇರಿಹೋಯಿತು.

"ನಿನಗ ತಲಿ ಕೆಟ್ಟೈತೇನ?" ಪಕ್ಕದ ಮನೆಯ ಗೌರಮ್ಮ ಬಾಗಿಲಲ್ಲೇ ಎದೆ ಹಿಡಿದುಕೊಂಡು ನಿಂತಳು. "ಸಾಹೇಬರ ಬಾಯಿ ಸುಟ್ಟರ ನಿನ್ನ ಗಂಡನ್ನ ಹುಬ್ಬಳ್ಳಿಗಲ್ಲ, ಅಡವ್ಯಾಗಿನ ಯಾವುದರ ಹಾಳ ಸ್ಟೇಷನ್ನಿಗೆ ಒಗಿತಾರ!"

"ಯಾರ ಬಾಯಿ ಸುಡಬೇಕೋ ಅವರದ ಸುಡತೈತಿ ತಗೋರಿ ಅಕ್ಕಾರ," ಎಂದಳು ಕಲಾವತಿ. ಅಂಚನ್ನು ಕರ್ಚಿಕಾಯಿಗೆ ಮಡಿಸಿದಂತೆ ಚೆಂದವಾಗಿ ಮಡಿಸಿದಳು.

ಬುಧವಾರದವರೆಗೂ ಅವಳು ಹೀಗಿರಲಿಲ್ಲ. ಹದಿನೈದು ಶನಿವಾರ ಸಾಹೇಬರಿಗಾಗಿ ದೇವರ ನೈವೇದ್ಯದಷ್ಟು ನಿಷ್ಠೆಯಿಂದ ಪೈ ಮಾಡಿದ್ದಳು.

ಅವಳ ಗಂಡ ಗುರುಸಿದ್ದಪ್ಪ ರೈಲ್ವೆ ಕಚೇರಿಯಲ್ಲಿ ಗುಮಾಸ್ತ. ನಾಗಪುರದ ಅಜನಿಯ ರೈಲ್ವೆ ಕ್ವಾರ್ಟರ್ಸಿಗೆ ಬಂದು ಏಳು ವರ್ಷ. ಕೆಟ್ಟ ಊರೇನಲ್ಲ. ಆದರೆ ಇಲ್ಲೇ ಹುಟ್ಟಿದ ಮಗಳು ಚಂದ್ರಿ ಹಸಿವಾದರೆ "ಅವ್ವಾ, ಭೂಕ್ ಲಾಗಲಿ" ಎಂದು ಮರಾಠಿಯಲ್ಲೇ ಹೇಳುತ್ತಿದ್ದಳು. ಅಜ್ಜ ಕನ್ನಡದಲ್ಲಿ ಬರೆದ ಕಾಗದ ಕೈಗೆ ಕೊಟ್ಟರೆ ತಲೆಕೆಳಗೆ ಹಿಡಿಯುತ್ತಿದ್ದಳು. ಜೂನಿನಲ್ಲಿ ಅವಳನ್ನು ಹುಬ್ಬಳ್ಳಿಯ ಕನ್ನಡ ಶಾಲೆಗೆ ಸೇರಿಸಲೇಬೇಕೆಂದು ಕಲಾವತಿ ಹಟ ಹಿಡಿದಳು. ಗಂಡ ಅಲ್ಲಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕಬೇಕು, ಅದರ ಮೇಲೆ ಅವನ ಮೇಲಧಿಕಾರಿ ಪಟವರ್ಧನ ಸಾಹೇಬರ ಶಿಫಾರಸು ಬೀಳಬೇಕು. ಜನವರಿ ಮುಗಿದರೆ ಆ ವರ್ಷದ ಬಾಗಿಲು ಮುಚ್ಚಿದಂತೆಯೇ.

ಸಾಹೇಬರನ್ನು ಒಲಿಸುವುದು ಹೇಗೆ? ಆಂಗ್ಲೋ-ಇಂಡಿಯನ್ ಎಂಜಿನ್ ಡ್ರೈವರನ ಹೆಂಡತಿಯೊಬ್ಬಳು, ಮೈದಾ ಹಿಟ್ಟಿನೊಳಗೆ ಹಣ್ಣು ತುಂಬಿ ಬೇಯಿಸುವ ವಿಲಾಯಿತಿ ತಿಂಡಿ ಪೈ ಮಾಡುವುದನ್ನು ಹೇಳಿಕೊಟ್ಟಿದ್ದಳು. ಕಲಾವತಿ ಮೊಟ್ಟೆ ಹಾಕದೆ, ತುಪ್ಪ ಹೆಚ್ಚಿಸಿ, ಕಿತ್ತಳೆಯ ತೊಳೆಗಳನ್ನು ಒಂದೊಂದಾಗಿ ಸಿಪ್ಪೆ ಸುಲಿದು, ಬೀಜ ತೆಗೆದು, ಸಕ್ಕರೆಯಲ್ಲಿ ಮುದ್ದೆಯಾಗುವಂತೆ ಬೇಯಿಸಿ ಅದನ್ನು ತನ್ನದಾಗಿಸಿಕೊಂಡಳು. ಸೀಮೆಎಣ್ಣೆಯ ಹಳೆಯ ಡಬ್ಬಿಯೇ ಒಲೆ, ಮೇಲೊಂದಿಷ್ಟು ಕೆಂಡ, ಕೆಳಗೊಂದಿಷ್ಟು. ಒಂದೇ ಬಾಯಿಗೆ ಹಿಡಿಸುವ ಪುಟ್ಟ ಪೈಗಳು ಹೊಂಬಣ್ಣಕ್ಕೆ ತಿರುಗಿದರೆ ಇಡೀ ಸಾಲಿನ ಮಕ್ಕಳು ಅವಳ ಬಾಗಿಲಲ್ಲಿರುತ್ತಿದ್ದರು.

ದಸರೆ ಮುಗಿದ ಮೊದಲ ಶನಿವಾರ ಅರ್ಜಿಯನ್ನೂ ಪೈ ತುಂಬಿದ ಡಬ್ಬಿಯನ್ನೂ ಒಟ್ಟಿಗೇ ಗಂಡನ ಕೈಗೆ ಕೊಟ್ಟು ಕಳಿಸಿದಳು. ಕಚೇರಿಗೆ ಹೆಂಗಸರು ಹೋಗುವ ರೂಢಿಯಿಲ್ಲ. ಏನಿದ್ದರೂ ಗಂಡಂದಿರ ಬಾಯಿಂದಲೇ ಕೇಳಬೇಕು.

"ಏನಂದ್ರು?"

"ಭಾಳ ಖುಷಿಪಟ್ರು. ಅರ್ಜಿ ನೋಡೂಣಂತ. ಏಲಕ್ಕಿ ಒಂದಿಷ್ಟು ಜಾಸ್ತಿ ಇದ್ದರ ಬರೋಬರ್ ಆಕ್ಕಿತ್ತು ಅಂದ್ರು."

ಏಲಕ್ಕಿ ಜಾಸ್ತಿಯಾಯಿತು. ಮುಂದಿನ ವಾರ ಅಂಚು ಇನ್ನಷ್ಟು ಗರಿಗರಿ ಇರಲಿ ಎಂಬ ಮಾತು ಬಂತು. ಅದಾದ ಮೇಲೆ ಹತ್ತು ಸಾಲದು, ಹನ್ನೆರಡಿರಲಿ ಎಂದು. ಡಬ್ಬಿ ಮಾತ್ರ ಪ್ರತಿ ಸಲ ನೆಕ್ಕಿದಷ್ಟು ಸ್ವಚ್ಛವಾಗಿ ಮರಳುತ್ತಿತ್ತು. ಸಹಿ ಬರಲಿಲ್ಲ. ಸಾಹೇಬರ ರುಚಿ ದೊಡ್ಡದು, ತನ್ನ ಕೈ ಇನ್ನೂ ಪಳಗಿಲ್ಲ ಎಂದುಕೊಂಡು ಕಲಾವತಿ ತುಪ್ಪ ಹೆಚ್ಚಿಸುತ್ತಲೇ ಹೋದಳು. ಈ ನಡುವೆ ಗಂಡನ ಷರಟಿನ ಗುಂಡಿಗಳನ್ನು ಎರಡು ಸಲ ಸರಿಸಿ ಹೊಲಿದುಕೊಟ್ಟಳು.

ಈಗ ನೋಡಿದರೆ ಮೆಣಸಿನಪುಡಿ!

"ಇನ್ನೂ ಹೊತ್ತು ಮೀರಿಲ್ಲ ಕಲಾವತಿ, ಬ್ಯಾರೆ ಮಾಡು," ಗೌರಮ್ಮ ಅಂಗಲಾಚಿದಳು. "ಚಂದ್ರಿ ಸಲುವಾಗಿ ಆದರೂ."

"ಚಂದ್ರಿ ಸಲುವಾಗೇ ಮಾಡೇನ್ರಿ."

ಪೈಗಳು ಬೆಂದು ಡಬ್ಬಿ ಸೇರುವ ಹೊತ್ತಿಗೆ ಗುರುಸಿದ್ದಪ್ಪ ಟೋಪಿ ಏರಿಸಿಕೊಂಡು ಬಂದ. ಡಬ್ಬಿಯ ಮುಚ್ಚಳ ಸರಿಸಿ ಮೂಸಿ ನೋಡಿ ಕಣ್ಣು ಮುಚ್ಚಿದ. "ಇವತ್ತೇನ ಬ್ಯಾರೆ ಘಮ ಐತಲ್ಲ!"

"ಇವತ್ತ ವಿಶೇಷ ಮಾಡೇನ್ರಿ. ಸಾಹೇಬರಿಗೆ ಒಂದ ಬಾಯಿಗೆ ಒಂದ ತಿನ್ನಾಕ ಹೇಳ್ರಿ. ಕಡಕೊಂಡು ತಿಂದರ ಪಾಕ ಸೋರತೈತಿ."

"ಹೇಳತೇನಿ, ಹೇಳತೇನಿ," ಎನ್ನುತ್ತ ಅವನು ಶೀಟಿ ಹಾಕಿಕೊಂಡು ಹೊರಟ. ಗೌರಮ್ಮ ಗೋಡೆಯ ಮೇಲಿನ ಬಸವಣ್ಣನ ಪಟಕ್ಕೆ ಎರಡೂ ಕೈ ಜೋಡಿಸಿದಳು.

ಶನಿವಾರ ಅರ್ಧ ದಿನದ ಕಚೇರಿ. ಎರಡು ಗಂಟೆಗೆ ಬರಬೇಕಾದವನು ನಾಲ್ಕಕ್ಕೆ ಬಂದ. ಎಂದೂ ಬಿಡದ ಬಿಸಿ ಚಹಾ ಬೇಡವೆಂದ. ಮಜ್ಜಿಗೆ ಕೇಳಿದ. ಇನ್ನೊಂದು ಲೋಟ ಕೇಳಿದ.

"ಸಾಹೇಬರು ಏನಂದ್ರು?" ಕಲಾವತಿಯ ದನಿಯಲ್ಲಿ ಬೆಣ್ಣೆಯಿತ್ತು.

ಗುರುಸಿದ್ದಪ್ಪ ಖಾಲಿ ಲೋಟ ಕೆಳಗಿಟ್ಟ. "ಸೋಮವಾರ... ಸಹಿ ಹಾಕತಾರಂತ," ಎಂದವನೇ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಸೋಮವಾರ ಸಂಜೆ ಕಾಗದದ ನಕಲು ಮನೆಗೆ ಬಂದೇಬಂತು. ಹುಬ್ಬಳ್ಳಿಗೆ ಶಿಫಾರಸು, ಕೆಳಗೆ ಸಾಹೇಬರ ದೊಡ್ಡ ಸಹಿ, ನೀಲಿ ಮೊಹರು; ಅರ್ಜಿ ಅವರ ಕೈಸೇರಿದ ತಾರೀಖೂ ಅದೇ ಸೋಮವಾರದ್ದು. ಚಂದ್ರಿ ಕೂಡ ಏನೋ ಒಳ್ಳೆಯದಾಯಿತೆಂದು ಮಂಚದ ಮೇಲೆ ಹತ್ತಿ ಕುಣಿದಳು. ಗುರುಸಿದ್ದಪ್ಪ ಮಾತ್ರ ಯಾರ ಕಣ್ಣನ್ನೂ ನೋಡದೆ, ಟ್ರಂಕು ಹುಡುಕುವ ನೆಪದಲ್ಲಿ ಒಳಗೆ ನುಸುಳಿದ.

"ಅಬ್ಬಾ ನಿನ್ನ ಧೈರ್ಯಾನ!" ಗೌರಮ್ಮ ಕಲಾವತಿಯ ಮುಖ ನೀವಿ ನೆಟಿಕೆ ಮುರಿದಳು. "ಹದಿನೈದು ವಾರ ಸಿಹಿ ತಿಂದು ಅಲುಗಾಡದ ಸಾಹೇಬರು, ಒಂದ ವಾರದ ಖಾರಕ್ಕ ಸಹಿ ಹಾಕಿದರಲ್ಲವ್ವಾ!"

ಕಲಾವತಿ ಸೆರಗಿನಿಂದ ನಗು ಒರೆಸಿಕೊಂಡು, ಒಳಗಿದ್ದವನಿಗೂ ಕೇಳುವಂತೆ ಹೇಳಿದಳು: "ಸಾಹೇಬರು ಎಲ್ಲಿ ತಿಂದ್ರು ಅಕ್ಕಾರ? ಬುಧವಾರ ಅವರ ಮನಿಗೆ ಸಂಕ್ರಾಂತಿ ಅರಿಶಿಣ ಕುಂಕುಮಕ್ಕ ಹೋಗಿದ್ದೆ. ನಮ್ಮ ಸಾಹೇಬರಿಗೆ ಸಕ್ಕರಿ ರೋಗ, ಸಿಹಿ ಮುಟ್ಟಿ ಹನ್ನೆರಡು ವರ್ಷ ಆತು ಅಂತ ಅವರ ಹೆಂಡತೀನ ಹೇಳಿದ್ರು."