ಓಮದ ಹಬೆ

ಐದನೇ ತಿಂಗಳಿಂದ ಅವಳ ಮೂಗು ಕಟ್ಟಿತ್ತು. ಇದು ನೆಗಡಿಯಲ್ಲ, ಬಸಿರಿನ ಜೊತೆ ಬಂದದ್ದು, ಹೆರಿಗೆಯಾದರೆ ತಾನೇ ಹೋಗುತ್ತದೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಬಾಯಲ್ಲೇ ಉಸಿರಾಡಬೇಕು. ಆ ಮನೆಯಲ್ಲಿ ಅವಳ ಬಾಯಿಗೆ ಬೇರೆ ಕೆಲಸವೂ ಇರಲಿಲ್ಲ.

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕೆಂದು ಅವಳಮ್ಮ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ ಕಾಯುತ್ತಿದ್ದಳು. ಇಲ್ಲಿ ಅವಳ ಫೋನು ಒಂದು ವಾರದಿಂದ ಅತ್ತೆಯ ಬೀರುವಿನಲ್ಲಿತ್ತು.

“ಹೋದ್ರೆ ನೀನು ವಾಪಸ್ ಬರೋಳಲ್ಲ ಅಂತ ನಂಗೊತ್ತು. ಇಲ್ಲೇ ಇರ್ತೀನಿ, ನಂಗೇ ಇಷ್ಟ ಅಂತ ನಿಮ್ಮಮ್ಮಂಗೆ ನೀನೇ ಹೇಳು” ಎಂದರು ಅತ್ತೆ. “ಆದ್ರೆ ಈ ಮೂಗಲ್ಲಿ ಬೇಡ. ‘ಮನೆ’ ಅಂದ್ರೆ ‘ಬದೆ’ ಅನ್ನುತ್ತೆ. ಒಂದಕ್ಷರ ತಪ್ಪಿ ಕೇಳಿಸಬಾರದು.”

ಓಮ ಹಾಕಿ ಕುದಿಸಿದ ನೀರು ಬಂತು. ತಲೆಯ ಮೇಲೆ ಕಂಬಳಿ ಬಿತ್ತು. ಅದರ ಅಂಚನ್ನು ಒತ್ತಿ ಹಿಡಿದ ಅತ್ತೆಯ ಕೈ, ಮೂಗು ಬಿಡುವ ತನಕ ಅವಳನ್ನು ಬಿಡಲಿಲ್ಲ. ಆಮೇಲೆ ಅವರೇ ನಂಬರು ಒತ್ತಿ, ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದಿಟ್ಟರು.

“ಅಮ್ಮ, ನಾನು ಇಲ್ಲೇ ಇರ್ತೀನಿ. ನಂಗೇ ಇಷ್ಟ.”

“ಯಾಕೇ ದನಿ ನಡುಗ್ತಿದೆ?”

ಅತ್ತೆ ತಮ್ಮ ಮೂಗು ಮುಟ್ಟಿ ತೋರಿಸಿದರು.

“ಮೂಗು ಕಟ್ಟಿದೆಯಲ್ಲಮ್ಮ, ಅದಕ್ಕೇ.”



“ಮೂಗು ಕಟ್ಟಿದಾಗಿಂದ ನಾನು ನಿಂಗೆ ‘ಅಬ್ಬ’ ಆಗಿದ್ದೆ ಕಣೇ. ಇವತ್ತು ‘ಅಮ್ಮ’ ಆಗಿದ್ದೀನಿ. ಬಟ್ಟೆ ಜೋಡಿಸ್ಕೋ, ನಾವು ಹೊರಟ್ವಿ.”