ನೇತ್ರಾಳ ನೀಲಿ ಡ್ರಮ್

"ಬಾಗಲಾ ಬಿಡು ಹುಡುಗಿ. ಡ್ರಮ್ ಒಡೀಬೇಕು."

ಬೋರವ್ವನ ಕೈಯಲ್ಲಿ ಹಾರೆ ಇತ್ತು, ಬೆನ್ನ ಹಿಂದೆ ಮಹಿಳಾ ಸಂಘದ ಹನ್ನೆರಡು ಹೆಂಗಸರಿದ್ದರು. ಹೋದ ವರ್ಷ ಊರಿನ ಸಾರಾಯಿ ಅಂಗಡಿಗೆ ಬೀಗ ಜಡಿಸಿದವರು ಇವರೇ. ಗೊಲ್ಲಾಳಪ್ಪನ ಶೆಡ್ಡಿನಲ್ಲಿ ಕಳ್ಳಬಟ್ಟಿಗೆ ಬೆಲ್ಲದ ಕೊಳೆ ಹಾಕಿದ್ದಾರೆಂಬ ಸುದ್ದಿ ಬೆಳಿಗ್ಗೆ ಕಿವಿಗೆ ಬಿದ್ದಿತ್ತು. ಇಂಥ ಸುದ್ದಿ ಬಿದ್ದ ಮೇಲೆ ಸಾರವಾಡದ ಈ ಹೆಂಗಸರು ಚಹಾ ಕುಡಿಯಲೂ ನಿಲ್ಲುವವರಲ್ಲ.

ಗೊಲ್ಲಾಳಪ್ಪನ ಮಗಳು ನೇತ್ರಾ ಬಾಗಿಲಿಗೆ ಅಡ್ಡ ನಿಂತಿದ್ದಳು. ಹದಿನಾರು ವರ್ಷದ ಹುಡುಗಿ, ಒಂದಿಂಚೂ ಜಗ್ಗಲಿಲ್ಲ.

"ಮೊದಲ ನನ್ನ ಕೈ ಮುರೀರಿ, ಆಮ್ಯಾಲೆ ಡ್ರಮ್ ಒಡೀರಿ. ನಾಳೆ ವಿಜಯಪುರದಾಗ ವಿಜ್ಞಾನ ಪ್ರದರ್ಶನ ಐತಿ. ಎರಡ ತಿಂಗಳ ದುಡಿದೇನಿ ಇದಕ್ಕ."

ಒಳಗಿನಿಂದ ಹುಳಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ನೀಲಿ ಡ್ರಮ್, ಅದರ ಮುಚ್ಚಳದಿಂದ ಹೊರಟ ಪ್ಲಾಸ್ಟಿಕ್ ಪೈಪು, ಪಕ್ಕದಲ್ಲಿ ಬೆಲ್ಲ, ತಿಕೋಟಾದಿಂದ ತಂದ ಕೆಟ್ಟ ಒಣದ್ರಾಕ್ಷಿಯ ಚೀಲ. ಇನ್ನೇನು ಸಾಕ್ಷಿ ಬೇಕು!

"ಯಾರನ್ನ ಮಳ್ಳ ಮಾಡ್ತೀ? ನಮಗೇನ ಮೂಗಿಲ್ಲೇನು?" ಬೋರವ್ವ ಗದರಿದಳು.

ಗೊಲ್ಲಾಳಪ್ಪ ಶೆಡ್ಡಿನ ಮೂಲೆಯಲ್ಲಿ ನಿಂತು ಬೆವರುತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ಕುಡಿತ ಬಿಟ್ಟನೆಂದು ಊರೆಲ್ಲ ಹೊಗಳುವ ಆಸಾಮಿ. ಈಗೀಗ ಹಾಸಿಗೆಯನ್ನೂ ಶೆಡ್ಡಿಗೇ ತಂದುಕೊಂಡಿದ್ದ. "ಅಕ್ಕಾರ, ಕೈ ಮುಗೀತೇನ್ರಿ, ಡ್ರಮ್ಮಿಗೆ ಏನೂ ಮಾಡಬ್ಯಾಡ್ರಿ" ಎಂದು ಅಂಗಲಾಚಿದ. ಒಬ್ಬಿಬ್ಬರು ಹೆಂಗಸರ ಮನಸ್ಸು ಕರಗಿತು. ಮಗಳ ಓದಿಗೆ ಇಷ್ಟು ಒದ್ದಾಡುವ ಅಪ್ಪಂದಿರು ಎಷ್ಟು ಜನ ಸಿಗುತ್ತಾರೆ, ಹೇಳಿ?

"ಆಯಿ, ಐದ ನಿಮಿಷ ಕೊಡ್ರಿ. ಸುಳ್ಳಾದ್ರ ನಾನಽ ಒಡೀತೇನಿ" ಎಂದಳು ನೇತ್ರಾ, ಬೋರವ್ವನಿಗೆ.

ಪೈಪಿನ ತುದಿಯನ್ನು ಸುಣ್ಣದ ತಿಳಿನೀರಿನ ಬಾಟಲಿಗೆ ಇಳಿಸಿದಳು. ಗುಳುಗುಳು ಗುಳ್ಳೆ ಎದ್ದವು. ನೋಡನೋಡುತ್ತ ನೀರು ಮಜ್ಜಿಗೆಯ ಹಾಗೆ ಬೆಳ್ಳಗಾಯಿತು.

"ಇದು ಕಾರ್ಬನ್ ಡೈಆಕ್ಸೈಡ್. ಗಾಡಿ ಹೊಗಿಯೊಳಗೂ ಇದಽ, ಬೆಲ್ಲ ಹುಳಿ ಬಂದ್ರೂ ಇದಽ. ಭೂಮಿ ಕಾಯಾಕತ್ತಿದ್ದು ಇದರಿಂದಽ. ಈಗ ನೋಡ್ರಿ, ಹೆಂಗ ಕಟ್ಟಿ ಹಾಕ್ತೇನಿ."

ಸುಣ್ಣದ ಹಾಲಿನಲ್ಲಿ ನೆನೆಸಿದ ಗೋಣಿಯ ಚೂರುಗಳನ್ನು ಒಂದು ಡಬ್ಬಿಯಲ್ಲಿ ತುಂಬಿದ್ದಳು. ಡ್ರಮ್ಮಿನ ಗಾಳಿಯನ್ನು ಆ ಡಬ್ಬಿಯ ಮೂಲಕ ಹಾಯಿಸಿ ಇನ್ನೊಂದು ತಿಳಿನೀರಿನ ಬಾಟಲಿಗೆ ಬಿಟ್ಟಳು. ಹೆಂಗಸರು ಬಗ್ಗಿ ಬಗ್ಗಿ ನೋಡಿದರು. ನೀರು ತಿಳಿಯಾಗಿಯೇ ಉಳಿಯಿತು.

"ಡಬ್ಬಿಯೊಳಗಽ ಸಿಕ್ಕಿಬಿತ್ತು. ಹನ್ನೊಂದ ಸಲ ಕೆಟ್ಟಿತ್ತು, ಹನ್ನೆರಡನೇ ಸಲ ಹತ್ತಿತು."

"ಅಯ್ಯ ನಮ್ಮವ್ವಾ!" ಎಂದಳೊಬ್ಬಳು. ಆದರೆ ಬೋರವ್ವ ಅಷ್ಟಕ್ಕೇ ಬಿಡುವ ಪೈಕಿಯಲ್ಲ. ಸೀರೆಯ ಸೆರಗಿನ ಗಂಟು ಬಿಚ್ಚಿ ಅಂಗೈ ಮೇಲೆ ಭಂಡಾರ ಹರವಿದಳು. ಎಲ್ಲಿ ಹೋದರೂ ಸಂಘದ ಕೊನೆಯ ಪರೀಕ್ಷೆ ಇದೇ. ದೇವರ ಅರಿಶಿನ ಮುಟ್ಟಿ ಆಡಿದ ಮಾತನ್ನು ಆ ಊರಿನಲ್ಲಿ ಯಾರೂ ಹಿಂದೆ ತೆಗೆದುಕೊಳ್ಳುವಂತಿಲ್ಲ.

"ಗೊಲ್ಲಾಳಪ್ಪ, ಮುಟ್ಟಿ ಹೇಳು. ಡ್ರಮ್ ಯಾರದು?"

ಅವನು ಮಗಳ ಮುಖ ನೋಡಿದ. ಮಗಳು ಕಣ್ಣು ಕೆಳಗಿಳಿಸಲಿಲ್ಲ.

"ಹೇಳು ಯಪ್ಪಾ. ಎಲ್ಲಾರ ಮುಂದ ಹೇಳಿಬಿಡು, ಯಾರದು?"

ಬೋರವ್ವನ ಹಾರೆ ಇನ್ನೂ ಕೆಳಗಿಳಿದಿರಲಿಲ್ಲ. ಗೊಲ್ಲಾಳಪ್ಪ ಬೆರಳು ಚಾಚಿ ಭಂಡಾರ ಮುಟ್ಟಿದ.

"ಮಗಳದ್ರಿ."

ಬೋರವ್ವ ಹಾರೆ ಬಿಸಾಕಿ ಹುಡುಗಿಯನ್ನು ಬಾಚಿ ತಬ್ಬಿಕೊಂಡಳು. "ತಪ್ಪ ತಿಳಕೊಂಡೆ ಯವ್ವಾ, ಹೊಟ್ಟ್ಯಾಗ ಹಾಕ್ಕೋ. ಏನ ಬೇಕು ಕೇಳು, ಮಾಡ್ತೇನಿ."

"ಈಗಿಂದೀಗ ಇದನ್ನ ನಿಮ್ಮ ಟ್ರ್ಯಾಕ್ಟರಿನ್ಯಾಗ ಹೇರಿ ನಿಮ್ಮ ಮನ್ಯಾಗ ಇಟಗೋರಿ, ನಾಳೆ ಅಲ್ಲಿಂದಽ ವಿಜಯಪುರಕ್ಕ ಒಯ್ಯೂಣು. ಪ್ರದರ್ಶನ ಮುಗದ ಮ್ಯಾಲೆ ಒಳಗಿಂದು ನೀವಽ ಚೆಲ್ರಿ, ಡ್ರಮ್ ನಾ ಓದೂ ಸಾಲಿಗೆ ಕೊಡ್ರಿ."

"ಇಲ್ಲೇ ಇರಲಿ, ನಾ ಕಾಯ್ತೇನಿ" ಎಂದ ಗೊಲ್ಲಾಳಪ್ಪ. ಹೆಂಗಸರ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಹನ್ನೆರಡು ಜನ ಕೈ ಹಚ್ಚಿ ಡ್ರಮ್ ಹೇರಿದರು. ಟ್ರ್ಯಾಕ್ಟರ್ ಓಣಿ ದಾಟಿತು.

ಶೆಡ್ಡಿನಲ್ಲಿ ಅಪ್ಪ, ಮಗಳು ಇಬ್ಬರೇ ಉಳಿದರು. ಗೊಲ್ಲಾಳಪ್ಪ ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಕೇಳಿದ.

"ಬರೋಬ್ಬರಿ ಉಳಿಸ್ದಿ ಬೇ. ನನ್ನ ಡ್ರಮ್ ವಾಪಸ್ ಯಾವಾಗ ತರ್ತೀ? ಅಲ್ಲೀತನಕ ನಾ ಏನ ಕುಡೀಲಿ?"

"ಇನ್ನ ಅದು ಬರಂಗಿಲ್ಲ ಯಪ್ಪಾ. ಬೋರವ್ವ ಆಯಿಗೆ ಸುದ್ದಿ ಮುಟ್ಟಿಸಿದಾಕಿ ನಾನಽ."