ಲಾಕ್ಲನ್‌ನ ಬಿಲ್ಲೆ

"ನಿಲ್ಸು! ಆ ಸೂಜಿ ಮೊದ್ಲು ಆಚೆ ತೆಗಿ!"

ಎಫಿ ಬಾಗಿಲು ತಳ್ಳಿದ ರಭಸಕ್ಕೆ ಗೋಡೆಯ ಕನ್ನಡಿ ಅದುರಿತು. ಇನ್ವರ್ನೆಸ್ಸಿನ ಆ ಹಚ್ಚೆ ಅಂಗಡಿಗೆ ಅವಳ ವಯಸ್ಸಿನವರು ಕಾಲಿಟ್ಟದ್ದೇ ಇಲ್ಲ. ಕುರ್ಚಿಯಲ್ಲಿ ತೋಳು ಚಾಚಿ ಕೂತಿದ್ದವನು ಅವಳ ಅಣ್ಣನ ಮಗ ಮರ್ಡೊ. ಸ್ವಲ್ಪ ಹೊತ್ತಿನ ಹಿಂದೆ, ತೋಳಿನ ಮೇಲೆ ಒತ್ತಿಸಿಕೊಂಡ ನೀಲಿ ಅಚ್ಚಿನ ಫೋಟೊ ತೆಗೆದು 'ಅಪ್ಪನ ನೆನಪಿಗೆ, ನೋಡತ್ತೆ' ಎಂದು ಕಳಿಸಿದವನೂ ಅವನೇ. ಪೇಟೆಗೆ ಬಂದಿದ್ದ ಎಫಿ ಊರಿನ ಬಸ್ಸನ್ನೂ ಬಿಟ್ಟು ಓಡಿ ಬಂದಿದ್ದಳು.

"ಅಮ್ಮಾ, ಹಿಂಗೆ ಕಿರುಚಿದ್ರೆ ನನ್ನ ಕೈ ಜಾರಿ ಇವನ ತೋಳು ಹಾಳಾಗುತ್ತೆ," ಎಂದು ಹಚ್ಚೆ ಹಾಕುತ್ತಿದ್ದ ಲೋರ್ನಾ ಯಂತ್ರ ನಿಲ್ಲಿಸಿದಳು.

"ಆಗ್ಲೇ ಹಾಳಾಗಿದೆಯಲ್ಲ!"

ತೋಳಿನ ಮೇಲಿದ್ದದ್ದು ಕುಲದ ಲಾಂಛನ: ದುಂಡಗೆ ಸುತ್ತಿದ ಬೆಲ್ಟು, ಅದಕ್ಕೊಂದು ಬಕಲ್ಲು, ನಡುವೆ ಕೋಡುಗಳಿರುವ ಸಾರಂಗದ ತಲೆ. ಬೆಲ್ಟಿನ ಸುತ್ತು ಮಾತ್ರ ಕಪ್ಪಾಗಿ ಚರ್ಮಕ್ಕಿಳಿದಿತ್ತು. ಬಕಲ್ಲೂ ಸಾರಂಗವೂ ಇನ್ನೂ ಒರೆಸಿದರೆ ಹೋಗುವ ನೀಲಿ ಗೆರೆಗಳು. ಮಾದರಿಗೆಂದು ತಂದ ಬೆಳ್ಳಿ ಬಿಲ್ಲೆ ಬಣ್ಣದ ಬಟ್ಟಲುಗಳ ಪಕ್ಕದಲ್ಲಿತ್ತು. ಅದು ಹೋದ ಮಾರ್ಚಿನಲ್ಲಿ ತೀರಿಕೊಂಡ ಮರ್ಡೊನ ಅಪ್ಪ ಲಾಕ್ಲನ್‌ನದು. ಕುಲದ ಒಡೆಯನ ಬೇಸಿಗೆ ಕೂಟದಲ್ಲಿ ಅದನ್ನು ಟೊಪ್ಪಿಗೆಗೆ ಸಿಕ್ಕಿಸಿಕೊಂಡು ಅವನು ಬ್ಯಾಗ್‌ಪೈಪ್ ಊದುತ್ತಿದ್ದ. ಒಡೆಯ ದೊಡ್ಡ ಮನುಷ್ಯ. ವರ್ಷಕ್ಕೊಮ್ಮೆ ಲಂಡನ್ನಿನಿಂದ ಬಂದು, ಕಿಲ್ಟ್ ಉಟ್ಟು, ಎಲ್ಲರ ಬೆನ್ನು ತಟ್ಟಿ ಹೋಗುತ್ತಾನೆ.

"ಅಪ್ಪ ಜೀವಮಾನವೆಲ್ಲ ಹಾಕ್ಕೊಂಡಿದ್ದ ಬಿಲ್ಲೆ ಇದು. ನಿಂಗೇನತ್ತೆ ಕಷ್ಟ?"

"ಅದರ ಸುತ್ತ ಬೆಲ್ಟು ಯಾಕಿದೆ ಗೊತ್ತೇನೋ? ಒಡೆಯನ ಬಿಲ್ಲೆಲಿ ಬೆಲ್ಟಿಲ್ಲ, ಬರೀ ಸಾರಂಗ. ಬೆಲ್ಟು ನಮ್ಮಂಥೋರಿಗೆ. ನಾನು ನಿನ್ನ ಆಳು ಅಂತ ತೋರ್ಸಕ್ಕೆ. ಜವಾನನ ಬಿಲ್ಲೆ ಕಣೋ ಅದು!"

"ಗೊತ್ತು. ಎಲ್ಲರೂ ಹಾಕ್ಕೋತಾರೆ. ಅದು ನಮ್ಮ ಕುಲ."

"ಕುಲವಂತೆ ಕುಲ! ಕುರಿ ಮೇಯ್ಸಕ್ಕೆ ಜಾಗ ಬೇಕು ಅಂತ, ತೊಟ್ಟಿಲಲ್ಲಿದ್ದ ನಮ್ಮ ಮುತ್ತಜ್ಜಿ ಸಮೇತ ಎಲ್ಲರನ್ನೂ ಹೊರಗೆಳೆದು ಸೂರಿಗೆ ಬೆಂಕಿ ಇಟ್ಟೋರು ಯಾರು? ಇಂಗ್ಲಿಷರಾ? ಇದೇ ಸಾರಂಗದ ಒಡೆಯನ ಮನೆಯೋರು. ನಮ್ಮ ಇಡೀ ಕಣಿವೆಲಿ ಒಂದು ನರಪಿಳ್ಳೆ ಬಿಡ್ಲಿಲ್ಲ."

"ಯಾವ ಕಾಲದ ಕಥೆ ತೆಗಿತೀಯ ನೀನು! ಅಪ್ಪಂಗೆ ಗೊತ್ತಿರ್ಲಿಲ್ವಾ ಅದು? ಆದ್ರೂ ಹಾಕ್ಕೊಂಡ. ಹೂಳೋವಾಗ ಪೆಟ್ಟಿಗೆಲಿ ಅವನ ಜೊತೆ ಇಡೋಣ ಅಂತ ಮನೆಯೆಲ್ಲ ಹುಡುಕಿದೆ, ಸಿಗ್ಲಿಲ್ಲ. ಹೋದ ವಾರ ಸಿಕ್ತು."

"ಎಲ್ಲಿ ಸಿಕ್ತು?"

ಮರ್ಡೊ ತಡವರಿಸಿದ. "ಕೊಟ್ಟಿಗೆಲಿ. ಮೊಳೆ ಡಬ್ಬಿಲಿ."

"ಬ್ಯಾಗ್‌ಪೈಪನ್ನ ಕೂಸಿನ ಥರ ಬಟ್ಟೆ ಸುತ್ತಿ ಮಲಗಿಸ್ತಿದ್ದ ಮನುಷ್ಯ. ಬೆಳ್ಳಿ ಬಿಲ್ಲೆನ ತುಕ್ಕು ಮೊಳೆ ಜೊತೆ ಇಡ್ತಾನೇನೋ ಅವನು?"

ಮರ್ಡೊ ಬಿಲ್ಲೆಯತ್ತ ನೋಡಿದ. ಲೋರ್ನಾ ಮುಂದಕ್ಕೆ ತಳ್ಳಿದ ಸ್ಟೂಲಿನ ಮೇಲೆ ಎಫಿ ಕೂರಲಿಲ್ಲ.

"ಹೋದ ಆಗಸ್ಟಲ್ಲಿ ನೀನು ಸಮುದ್ರದ ನಡುವೆ ಎಣ್ಣೆ ಬಾವಿ ಕೆಲಸದಲ್ಲಿದ್ದೆ. ಒಡೆಯ ತನ್ನ ಅತಿಥಿಗಳಿಗೆ ಕಣಿವೆಲಿ ಊಟ ಇಟ್ಟಿದ್ದ, ಆ ಹಾಳುಬಿದ್ದ ಮನೆಗಳ ಮಧ್ಯೆ. ಮಾಂಸ ಸುಡಕ್ಕೆ ಒಲೆ ಬೇಕಲ್ಲ? ಅವನ ಆಳುಗಳು ಗೋಡೆ ಕಿತ್ತು ಒಲೆ ಹೂಡಿದ್ರು. ನಮ್ಮ ಮುತ್ತಜ್ಜಿ ಮನೆ ಗೋಡೆ. ನಿಮ್ಮಪ್ಪ ಒಡೆಯನ ಹತ್ರ ಹೋಗಿ ಹೇಳ್ದ. 'ಕಲ್ಲು ತಾನೇ ಲಾಕ್ಲನ್, ಊದಪ್ಪ, ಜನ ಕಾಯ್ತಿದಾರೆ' ಅಂತ ಬೆನ್ನು ತಟ್ಟಿದ್ನಂತೆ."

"ಊದಿದ್ನಾ ಅಪ್ಪ?"

"ಊದಿದ. ಅವರು ಕೈ ತೊಳೆಯೋವರೆಗೂ ಊದಿದ. ಮನೆಗೆ ಬಂದು ಬಿಲ್ಲೆ ಕಿತ್ತು ಡಬ್ಬಿಗೆ ಎಸೆದ. 'ಮರ್ಡೊಗೆ ಹೇಳ್ಬೇಡ ಎಫಿ, ಅವನಿಗೆ ಮುಖ ತೋರ್ಸಕ್ಕಾಗಲ್ಲ' ಅಂದ. ಆಮೇಲೆ ಪೈಪ್ ಮುಟ್ಟಿದ್ದು ನೀನು ನೋಡಿದ್ಯಾ?"

ಮರ್ಡೊ ಕುರ್ಚಿಯಿಂದ ಧಡಕ್ಕನೆ ಎದ್ದ. ಬಣ್ಣದ ಬಟ್ಟಲೊಂದು ಉರುಳಿತು.

"ಅಪ್ಪನ ಮಣ್ಣಿಗೆ ಆ ಒಡೆಯ ಬಂದಿದ್ದ! ನಾನು ಅವನ ಕೈ ಕುಲುಕಿದೆ. 'ಬಂದಿರಲ್ಲ, ದೊಡ್ಡ ಉಪಕಾರ' ಅಂದೆ. ಅಪ್ಪನ ವಿಸ್ಕಿನೇ ಬಗ್ಗಿಸಿ ಕೊಟ್ಟೆ ಅವನಿಗೆ! ನೀನು ಪಕ್ಕದಲ್ಲೇ ನಿಂತಿದ್ದೆಯಲ್ಲತ್ತೆ. ಬಾಯಿ ಬಿದ್ದು ಹೋಗಿತ್ತಾ ನಿಂದು?"

"ಅಣ್ಣಂಗೆ ಮಾತು ಕೊಟ್ಟಿದ್ದೆ," ಎಂದಳು ಎಫಿ. ಅಷ್ಟು ಹೊತ್ತಿನ ಆರ್ಭಟವೆಲ್ಲ ಎಲ್ಲಿ ಹೋಯಿತೋ, ಅವಳ ದನಿ ಕೇಳುವುದೇ ಕಷ್ಟವಾಯಿತು.

ಲೋರ್ನಾ ಬಟ್ಟಲು ಎತ್ತಿಟ್ಟು ನೆಲ ಒರೆಸಿದಳು. "ಮರ್ಡೊ, ಹಾಕಿದ್ದನ್ನ ಅಳಿಸಕ್ಕಾಗಲ್ಲ. ಬೇಕಾದ್ರೆ ಮೇಲೆ ಕಪ್ಪು ತುಂಬಿ ಮುಚ್ಚಿಬಿಡ್ತೀನಿ."

"ಮುಚ್ಚಿಟ್ಟಿದ್ದು ಸಾಕು." ಮರ್ಡೊ ಮತ್ತೆ ಕೂತು ತೋಳು ಚಾಚಿದ. "ಬಕಲ್ ಇನ್ನೂ ಹಾಕಿಲ್ಲ ತಾನೇ? ಬಿಚ್ಚಿರೋ ಹಾಗೆ ಹಾಕು. ಬೆಲ್ಟಿನ ತುದಿ ಆಚೆ ಬಂದು ಜೋತಾಡ್ತಿರ್ಬೇಕು. ಈ ಆಗಸ್ಟ್ ಕೂಟಕ್ಕೆ ಅಂಗಿ ತೋಳು ಮಡಚ್ಕೊಂಡು ಹೋಗ್ತೀನಿ. ಅವನು ಬೆನ್ನು ತಟ್ಟಕ್ಕೆ ಬರ್ಲಿ, ತೋರಿಸ್ತೀನಿ."

ಲೋರ್ನಾ ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿದಳು. ನೀಲಿ ಬಕಲ್ಲೂ ಸಾರಂಗವೂ ಹೋದವು. ಪೆನ್ನಿನಲ್ಲಿ ಹೊಸ ಬಕಲ್ಲು ಬರೆದು ತೋರಿಸಿದಳು, ಮರ್ಡೊ ತಲೆಯಾಡಿಸಿದ. ಎಫಿ ಈಗ ಸ್ಟೂಲಿನ ಮೇಲೆ ಕೂತು, ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಯಂತ್ರ ಮತ್ತೆ ಗುಂಯ್‌ಗುಟ್ಟಿತು.

"ಸರಿ, ನಡುವೆ ಏನು ಹಾಕ್ಲಿ?" ಎಂದು ಲೋರ್ನಾ ಕೇಳಿದಳು. "ಅಷ್ಟಗಲ ಜಾಗ ಉಳಿದಿದೆ."

"ಏನೂ ಬೇಡ, ಕಣಿವೆ ಥರ ಖಾಲಿ ಇರ್ಲಿ," ಎಂದ ಮರ್ಡೊ. "ಅಲ್ಲಿದ್ದೋರನ್ನೆಲ್ಲ ಅವರು ಆಗ್ಲೇ ಓಡಿಸಿದಾರೆ."